ಸೇಬಿನ ತೋಟಕ್ಕೆಂದು ಹೊರಟದ್ದು

ನಮ್ಮ ಮನೆಯವರು ಪಿಕ್‌ನಿಕ್ ಎಂದು ಹೊರಟಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ತೊಂಬತ್ತರ ಸೆಪ್ಟೆಂಬರಿನಲ್ಲಿ, ಕುವೈತ್ ಇರಾಕಿ ಸೈನ್ಯದ ಕೈಯಲ್ಲಿದ್ದಾಗ ಹೋದದ್ದರಲ್ಲೂ ಆಯಿತು.

೧. ಹೊರಟದ್ದು

ಅಬು ಹಲೀಫಾದ ನಮ್ಮ ಕಟ್ಟಡದಲ್ಲಿ ಮುಕ್ಕಾಲು ಮನೆಗಳಿಗೆ ಬೀಗ ಬಿದ್ದಿತ್ತು. ಎಲ್ಲರೂ ಬಸ್ಸಿನಲ್ಲಿ ಇರಾಕ್ ದಾಟಿ ಜೋರ್ಡಾನಿಗೆ ಹೋಗಿ, ಅಲ್ಲಿಂದ ವಿಮಾನದಲ್ಲಿ ಊರು ಸೇರುತ್ತಿದ್ದರು. ನಾವು ಉಳಿದದ್ದು ಪಾಸ್‌ಪೋರ್ಟ್ ಇಲ್ಲದೆ. ಅವು ನನ್ನನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲನ ಆಫೀಸಿನ ಕಪಾಟಿನಲ್ಲಿದ್ದವು. ಅವನು ಮೊದಲ ವಾರವೇ ಗಡಿ ದಾಟಿದ್ದ. ಕೊನೆಗೊಂದು ಸುದ್ದಿ ಬಂತು: ಆಫೀಸು ಲೂಟಿಯಾಗುವ ಮೊದಲು ಪಾಸ್‌ಪೋರ್ಟುಗಳನ್ನು ಯಾರೋ ವಫ್ರಾದಲ್ಲಿರುವ ಅವನ ತೋಟಕ್ಕೆ ಸಾಗಿಸಿದ್ದಾರೆ, ಕಾವಲಿನ ಚಾಚಾನ ಹತ್ತಿರ ಇವೆ.

ಗಂಡಸು ಒಬ್ಬನೇ ಹೋದರೆ ಸೈನಿಕರು ಕಾರು ಕಿತ್ತುಕೊಳ್ಳುತ್ತಾರೆ, ಹೆಂಗಸರು ಮಕ್ಕಳಿದ್ದರೆ ಬಿಡುತ್ತಾರೆ ಎಂಬ ಮಾತಿತ್ತು. ಏಳು ವರ್ಷದ ಮಗಳಿಗೆ ನಿಜ ಹೇಳಿದರೆ ಸೈನಿಕರ ಮುಂದೆಯೇ ಬಾಯಿಬಿಟ್ಟಾಳು. "ಸೇಬಿನ ತೋಟ ನೋಡ್ಲಿಕ್ಕೆ ಹೋಗುವ" ಅಂದೆ. ಒಂದು ತಿಂಗಳಿಂದ ಹೊಸಿಲು ದಾಟದವಳು ಓಡಿಹೋಗಿ ಬೂಟು ಹಾಕಿಕೊಂಡಳು.

ಹೆಂಡತಿ ಕಾರಿನಲ್ಲಿ ಕೂತು ಮೆಲ್ಲಗೆ ಹೇಳಿದಳು: "ಮದುವೆ ಆದ ಹೊಸತರಲ್ಲಿ ನನಗೂ ಕಾಶ್ಮೀರ ತೋರಿಸ್ತೇನೆ ಅಂತ ಹೀಗೇ ಹೇಳಿದ್ರಿ."

೨. ಚೆಕ್‌ಪೋಸ್ಟು

ಅಹ್ಮದಿ ದಾಟಿದ ಮೇಲೆ ಮೂರು ಕಡೆ ನಿಲ್ಲಿಸಿದರು. ಮೂರನೆಯದರಲ್ಲಿ ಮೀಸೆ ನರೆತ ಸೈನಿಕನೊಬ್ಬ ಅರ್ಧಂಬರ್ಧ ಇಂಗ್ಲಿಷಿನಲ್ಲಿ, ಎಲ್ಲಿಗೆ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಆಪಲ್ ಗಾರ್ಡನ್" ಅಂದಳು.

ಅವನು ಕಿಟಕಿಯತ್ತ ಬಗ್ಗಿ ಅವಳಿಗೆ ಹೇಳಿದ: "ನಾನು ಉತ್ತರದ ಬೆಟ್ಟದವನು. ನಮ್ಮ ಮನೆ ಸುತ್ತ ಸೇಬಿನ ಮರಗಳೇ. ಈಗ ಕೊಯ್ಲು, ಹೆಂಡತಿ ಒಬ್ಬಳೇ ಇದ್ದಾಳೆ."

ಸೇಬು ಬೆಳೆಯುವವನ ಕೈಗೇ ಸಿಕ್ಕಿಬಿದ್ದೆವು ಅಂದುಕೊಂಡೆ. ಅವನು ಸುತ್ತಲಿನ ಮರಳನ್ನೊಮ್ಮೆ ನೋಡಿ ಕೈಬೀಸಿದ. "ಯಲ್ಲಾ, ಹೋಗು. ಇಲ್ಲಿ ಸೇಬು ಸಿಕ್ಕಿದರೆ ನನಗೂ ತಿಳಿಸು. ಊರಿಗೆ ಹೋಗುವ ಆಸೆಯನ್ನು ಬಿಟ್ಟುಬಿಡುತ್ತೇನೆ."

೩. ತೋಟ

ಪಂಪು ನಿಂತು ವಾರಗಳಾಗಿದ್ದವು. ಬದನೆ ಗಿಡಗಳು ಒಣಗಿ ಕಡ್ಡಿಯಾಗಿದ್ದವು. ಚಾಚಾ ಪೆಶಾವರ ಕಡೆಯ ಮುದುಕ. ಮಗಳು ಅವನನ್ನೇ ನಿಲ್ಲಿಸಿ, ಸೇಬು ಎಲ್ಲಿ ಎಂದಳು. ಅವನು ಅವಳೆದುರು ಕುಕ್ಕರಗಾಲಲ್ಲಿ ಕೂತು ಹೇಳಿದ: "ಬೇಟಿ, ಸೇಬುಗಳೆಲ್ಲ ಬಸ್ಸು ಹತ್ತಿ ಊರಿಗೆ ಹೋದವು."

ಅವಳು ಸ್ವಲ್ಪ ಯೋಚಿಸಿ ನನ್ನತ್ತ ತಿರುಗಿದಳು. "ಡ್ಯಾಡಿ, ದೇ ಹ್ಯಾಡ್ ಪಾಸ್‌ಪೋರ್ಟ್ಸ್?"

ನಾವು ಅವಳಿಂದ ಮುಚ್ಚಿಟ್ಟದ್ದು ಅಷ್ಟರಮಟ್ಟಿಗೆ ಗುಟ್ಟಾಗಿತ್ತು.

ಚಾಚಾ ಪಾಸ್‌ಪೋರ್ಟಿನ ಚೀಲವನ್ನು ಆಡಿನ ಕೊಟ್ಟಿಗೆಯ ಹುಲ್ಲಿನಡಿ ಬಚ್ಚಿಟ್ಟಿದ್ದ. ಹೆಂಡತಿಯದು ನೆಟ್ಟಗಿತ್ತು, ಮಗಳ ಹೆಸರೂ ಅದರಲ್ಲೇ ಇತ್ತು. ನನ್ನದರಲ್ಲಿ ಫೋಟೋದ ಕೆಳಗಿನ ಅರ್ಧವನ್ನು ಆಡು ತಿಂದಿತ್ತು. ಹಣೆ, ಕಣ್ಣು, ಮೂಗು ಉಳಿದಿದ್ದವು.

"ನೀನೂ ಬಂದುಬಿಡು ಚಾಚಾ" ಅಂದೆ.

"ನಾನು ಬಂದರೆ ಇವುಗಳಿಗೆ ಮೇವು ಹಾಕುವವರು ಯಾರು?" ಎಂದು ಆಡುಗಳನ್ನು ತೋರಿಸಿದ. "ನಿನ್ನ ಪಾಸ್‌ಪೋರ್ಟೂ ಮುಗೀತು."

ಅದಾದ ಮೇಲೆ ಅವನ ಸುದ್ದಿ ನಮಗೆ ಯಾರಿಂದಲೂ ಸಿಗಲಿಲ್ಲ.

೪. ಗಡಿ

ಮರುವಾರ ಬಸ್ಸು ಹತ್ತಿದೆವು. ಜೋರ್ಡಾನ್ ಗಡಿಯಲ್ಲಿ ಎರಡು ದಿನ ಬಿಸಿಲು, ಧೂಳು, ಸಾವಿರಾರು ಜನ. ನಮ್ಮ ಮುಂದಿದ್ದ ಮುದುಕಿಯೊಬ್ಬಳು ನಿಂತಲ್ಲೇ ಕುಸಿದಳು. ಇಲ್ಲಿಂದ ವಾಪಸು ಕಳಿಸಿದರೆ ಹೋಗಲಿಕ್ಕೆ ಬಿಟ್ಟುಬಂದ ಮನೆಯೂ ಉಳಿದಿರುವುದಿಲ್ಲ ಎಂಬುದು ನಮಗಿಬ್ಬರಿಗೂ ಗೊತ್ತಿತ್ತು.

ಅಧಿಕಾರಿ ನನ್ನ ಪಾಸ್‌ಪೋರ್ಟ್ ಬಿಡಿಸಿ ನೋಡಿದ. ಅಂಗೈಯಿಂದ ನನ್ನ ಮುಖದ ಕೆಳಭಾಗ ಮುಚ್ಚಿ ಮತ್ತೆ ನೋಡಿದ. "ಇದರಲ್ಲಿ ಬಾಯಿ ಎಲ್ಲಿ?" ಎಂದು ಅರಬಿಯಲ್ಲಿ ಕೇಳಿದ.

ಮಗಳ ಕೈ ಹಿಡಿದು ಹಿಂದೆ ನಿಂತಿದ್ದ ಹೆಂಡತಿ ಮುಂದೆ ಬಂದಳು. ಕ್ಲಿನಿಕ್ಕಿನ ಕೆಲಸದಲ್ಲಿ ಕಲಿತ ಹರಕು ಅರಬಿಯಲ್ಲಿ, "ಹಾದಾ ನಫರ್ ಬೈತ್ ಮಾಫಿ ಕಲಾಮ್" ಅಂದಳು. ಈ ಮನುಷ್ಯನಿಗೆ ಮನೆಯಲ್ಲಿ ಬಾಯಿಯೇ ಇಲ್ಲ, ಅಂತ.

ಅಧಿಕಾರಿ ನಗಲಿಲ್ಲ. ಅವಳನ್ನು ನೋಡಿದ, ನನ್ನನ್ನು ನೋಡಿದ.

"ನನಗೂ ಮದುವೆಯಾಗಿದೆ" ಎಂದು ಹೇಳಿ ಸೀಲು ಹೊಡೆದ.