ಮಾರಿಸ್ ಮಾರಾಟ ಪ್ರಸಂಗ

ಹೆಂಡತಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಸಂಕಟ ಎಂಥದೆಂದು ತಿಳಿಯಬೇಕಾದವರು ಬಾಲಾನಗರದ ಹಂಪಯ್ಯನವರನ್ನು ಕೇಳಬೇಕು. (ಈಗಲೇ ಕೇಳಬೇಡಿ. ಈಗ ಅವರ ತಲೆ ಬಾನೆಟ್ಟಿನೊಳಗೆ ಇರುತ್ತದೆ, ಕೇಳಿಸುವುದಿಲ್ಲ.) ಮಾತು ಏನೂ ದೊಡ್ಡದಲ್ಲ. ಮನೆಯ ಹಳೇ ಮಾರಿಸ್ ಕಾರನ್ನು ಮಾರಿಬಿಡುತ್ತೇನೆ ಎಂದದ್ದು, ಅಷ್ಟೇ. ಆದರೆ ಆ ಮಾತು ಕೊಟ್ಟದ್ದು ನಡುರಸ್ತೆಯಲ್ಲಿ, ಸಾಕ್ಷಿಗಳ ಸಮ್ಮುಖದಲ್ಲಿ. ತೊಂದರೆಯಾದದ್ದು ಅಲ್ಲೇ.

ಹಂಪಯ್ಯನವರು ರಾಯಚೂರು ಕಡೆಯವರು, ನೌಕರಿಗೆಂದು ತೆಲುಗು ಸೀಮೆಯ ದೊಡ್ಡ ಶಹರಕ್ಕೆ ಬಂದು ನೆಲೆಸಿದವರು. ಬಾಲಾನಗರದ ಸರ್ಕಾರಿ ಕಾರ್ಖಾನೆಯಲ್ಲಿ ವಿಮಾನದ ಯಂತ್ರಗಳ ತಪಾಸಣೆ ಮಾಡುತ್ತ ಇಡೀ ನೌಕರಿ ಕಳೆದು ನಿವೃತ್ತರಾದವರು. ಅಂದರೆ, ಬೇರೆಯವರ ಕೆಲಸದಲ್ಲಿ ದೋಷ ಹುಡುಕುವುದಕ್ಕೆ ಸರ್ಕಾರದಿಂದ ಸಂಬಳ ತೆಗೆದುಕೊಂಡವರು. ಮನೆಯಲ್ಲಿ ಅದೇ ಕೆಲಸವನ್ನು ಅವರ ಧರ್ಮಪತ್ನಿ ಸುವರ್ಣಮ್ಮನವರು ಸಂಬಳವಿಲ್ಲದೆ ನಿರ್ವಹಿಸುತ್ತಿದ್ದರು.

ಮಾರಿಸ್ ಕಾರು ಈ ದಂಪತಿಗಳ ಮದುವೆಗಿಂತ ಹಳೆಯದು. ದುಂಡು ಮುಖ, ಬಟ್ಟಲುಗಣ್ಣು, ನೋಡಿದರೆ ಬಲು ಸಾಧು. ಆರೋಗ್ಯ ಮಾತ್ರ ಅಷ್ಟಕ್ಕಷ್ಟೇ. ಇವತ್ತು ಡೈನಮೋ ಚಾರ್ಜ್ ಮಾಡುವುದಿಲ್ಲ, ನಾಳೆ ಪೆಟ್ರೋಲ್ ಪಂಪು ಮುನಿಸಿಕೊಳ್ಳುತ್ತದೆ. ಪಂಪಿಗೆ ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ಮೆಲ್ಲಗೆ ತಟ್ಟಿದರೆ ಟಕಟಕ ಎಂದು ಸಮಾಧಾನವಾಗುತ್ತದೆ. ರಿಪೇರಿ ನಡೆದಾಗೆಲ್ಲ ಟಾರ್ಚ್ ಹಿಡಿಯುವವರು ಸುವರ್ಣಮ್ಮ. ಟಾರ್ಚ್ ಹಿಡಿದವರಿಗೆ ಪಾಠ ಪುಕ್ಕಟೆ. ಇದು ಕಾರ್ಬೊರೇಟರು, ಇದು ಡೈನಮೋ, ಇವು ನಾಲ್ಕು ಪ್ಲಗ್ಗಿನ ವೈರು. ಮುಂದಿನ ಎರಡು ವೈರು ಅದಲುಬದಲಾದರೆ ಬ್ರಹ್ಮದೇವರು ಬಂದರೂ ಗಾಡಿ ಹೊರಡುವುದಿಲ್ಲ, ನೋಡಿದವರಿಗೆ ಗೊತ್ತೂ ಆಗುವುದಿಲ್ಲ, ಟಾರ್ಚ್ ಇತ್ತ ಹಿಡಿ. ಬೇರೆ ಹೊತ್ತಿನಲ್ಲಿ ಪೇಪರಿನ ಹಿಂದೆ ಕೂತು 'ಹೂಂ' ಬಿಟ್ಟರೆ ಬೇರೆ ಮಾತಾಡದ ಮನುಷ್ಯ, ಬಾನೆಟ್ಟು ತೆರೆದರೆ ಮಾತ್ರ ಪುರಾಣ ಹೇಳಿದಂತೆ ಹೇಳುತ್ತಿದ್ದರು.

ರಸ್ತೆಯಲ್ಲಿ ನಿಂತರೆ ಕೆಲಸದ ಹಂಚಿಕೆ ಬೇರೆ. ಸುವರ್ಣಮ್ಮನವರಿಗೆ ಡ್ರೈವಿಂಗ್ ಬರುವುದಿಲ್ಲ, ಹಂಪಯ್ಯನವರಿಗೆ ಸೊಂಟನೋವು. ಹಾಗಾಗಿ ಗಂಡ ಸ್ಟೇರಿಂಗ್ ಹಿಡಿಯುವುದು, ಹೆಂಡತಿ ಇಳಿದು ನೂಕುವುದು.

ಆವತ್ತು ಸುವರ್ಣಮ್ಮನವರ ತಂಗಿಯ ಹೊಸ ಫ್ಲ್ಯಾಟಿನ ಗೃಹಪ್ರವೇಶ, ಮಾದಾಪುರದಲ್ಲಿ. ಮೊನ್ನೆ ಮೊನ್ನೆಯವರೆಗೆ ಬಂಡೆ ಬಿಟ್ಟರೆ ಬೇರೇನೂ ಇರದ ಆ ಕಡೆ ಈಗ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಎದ್ದಿದ್ದವು. ರಸ್ತೆ ಎಷ್ಟು ನುಣುಪೆಂದರೆ ಕಾರು ಕೆಡುವುದಕ್ಕೆ ಒಂದು ನೆಪವೂ ಇರಲಿಲ್ಲ. ಮಾರಿಸ್ ನೆಪ ಹುಡುಕುವ ಪೈಕಿಯಲ್ಲ. ಎಲ್ಲಕ್ಕಿಂತ ದೊಡ್ಡ ಗಾಜಿನ ಕಟ್ಟಡದ ಮುಂದೆಯೇ ನಿಂತುಬಿಟ್ಟಿತು.

ಸುವರ್ಣಮ್ಮ ಧರ್ಮಾವರಂ ಸೀರೆಯ ಸೆರಗು ಸಿಕ್ಕಿಸಿ ನೂಕತೊಡಗಿದರು. ಒಳಗಿನಿಂದ ಹಂಪಯ್ಯನವರು, "ಇನ್ನಾ ಸ್ವಲ್ಪ ಜೋರ್ ನೂಕು, ಸುವರ್ಣಾ, ಹೊಂಟೈತಿ," ಎಂದರು. ಈ ಮಾತನ್ನು ಆಕೆ ಅಬಿಡ್ಸಿನ ಪೋಸ್ಟಾಫೀಸಿನ ಮುಂದೆ ಕೇಳಿದ್ದರು, ಜೀಡಿಮೆಟ್ಲಾದ ಔಷಧಿ ಕಾರ್ಖಾನೆಗಳ ವಾಸನೆಯ ನಡುವೆ ಮೂಗು ಮುಚ್ಚಿಕೊಂಡು ಕೇಳಿದ್ದರು. ಆದರೆ ತಾನು ಕಾರು ನೂಕುವ ದೃಶ್ಯವನ್ನು ಗಾಜಿನ ಗೋಡೆಯಲ್ಲಿ ತಾನೇ ಅಡಿಯಿಂದ ಮುಡಿಯವರೆಗೆ ಕಂಡದ್ದು ಅದೇ ಮೊದಲು. ನೂಕುವುದು ನಿಂತಿತು.

"ಈ ಡಬ್ಬಿ ಮಾರತೀರೋ, ಇಲ್ಲಾ ನಾ ಇಲ್ಲೇ ಕುಂಡ್ರಲೋ?"

ಹಿಂದೆ ಹಾರ್ನುಗಳ ಮೇಳ ಶುರುವಾಗಿತ್ತು. ಹಂಪಯ್ಯನವರು ಮಾರುತ್ತೇನೆ ಎಂದು ಮೂರು ಸಲ ಹೇಳಿದರು. ಚಹಾದ ಬಂಡಿಯ ಹತ್ತಿರ ಕೊರಳಲ್ಲಿ ಗುರುತಿನ ಚೀಟಿ ಜೋತುಬಿಟ್ಟುಕೊಂಡು ನಿಂತಿದ್ದ ಹುಡುಗರು ಓಡಿಬಂದು ಕೈ ಹಚ್ಚಿದರು. ಅವರಲ್ಲೊಬ್ಬ ನೂಕುತ್ತಲೇ ಕನ್ನಡದಲ್ಲಿ, "ಆಂಟಿ, ನಿಜವಾಗ್ಲೂ ಮಾರ್ತೀರಾ?" ಎಂದು ಕೇಳಿದ. ಹೆಸರು ತರುಣ, ಊರು ಮೈಸೂರು, ಆ ಗಾಜಿನ ಕಟ್ಟಡದಲ್ಲೇ ಇಂಜಿನಿಯರು. ಬರುವ ಭಾನುವಾರ ನೋಡಲು ಬಾ ಎಂದು ವಿಳಾಸ ಕೊಟ್ಟವರು ಸ್ವತಃ ಸುವರ್ಣಮ್ಮ.

ಹಂಪಯ್ಯನವರು ಮಾಡಿದ ಮೊದಲ ತಪ್ಪೆಂದರೆ ಮರುದಿನವೇ ಡೈನಮೋ ಬಿಚ್ಚಿ ರಿಪೇರಿ ಮಾಡಿದ್ದು. ದೋಷ ಕಂಡರೆ ಅವರಿಗೆ ಅನ್ನ ಸೇರುವುದಿಲ್ಲ. ಬ್ಯಾಟರಿ ತುಂಬಿಸಿದರು, ಪಾಯಿಂಟು ಉಜ್ಜಿದರು, ಸಂಜೆಯ ಹೊತ್ತಿಗೆ ಗಾಡಿ ಮದುಮಗನಂತೆ ಸಜ್ಜಾಗಿ ನಿಂತಿತು. ಆಮೇಲೆ ಅವರಿಗೆ ಹೊಳೆಯಿತು, ಇದು ಇನ್ನು ಹೋಗಿಯೇ ಹೋಗುತ್ತದೆ ಅಂತ. ಬೇಸರ ಕಳೆಯಲು ಅಡುಗೆಮನೆಗೆ ಹೋಗಿ, ಸರಿಯಾಗಿಯೇ ಇದ್ದ ಮಿಕ್ಸಿ ಬಿಚ್ಚಿದರು. ಮತ್ತೆ ಜೋಡಿಸಿದಾಗ ಒಂದು ಸ್ಕ್ರೂ ಉಳಿಯಿತು. ಸುವರ್ಣಮ್ಮ ಆ ಸ್ಕ್ರೂವನ್ನು ಬಹಳ ಹೊತ್ತು ನೋಡಿದರು, ಏನೂ ಅನ್ನಲಿಲ್ಲ. ವಾರವೆಲ್ಲ ಆಕೆ ಹಾಗೇ ಇದ್ದರು. ಗೆದ್ದವರು ಇಷ್ಟು ಸುಮ್ಮನಿರುವುದು ಹಂಪಯ್ಯನವರಿಗೆ ವಿಚಿತ್ರವೆನಿಸಿತು.

ಶನಿವಾರ ಅವರ ತಲೆಯಲ್ಲಿ ದೀಪ ಹತ್ತಿತು. ತಾನಾಗಿ ಮಾರುವುದಿಲ್ಲ ಎಂದರೆ ವಚನಭಂಗ. ಗಾಡಿ ಹೊರಡದೆ, ಕೊಳ್ಳಲು ಬಂದವನೇ ಬೇಡವೆಂದರೆ? ಅದು ದೈವಸಂಕಲ್ಪ. ಆದರೆ ಇಷ್ಟು ವರ್ಷ ದೋಷ ಹುಡುಕಿದ ಮನುಷ್ಯ ಈಗ ದೋಷ ಇಡಬೇಕು, ಅದೂ ಒಬ್ಬ ಇಂಜಿನಿಯರನ ಕಣ್ಣಿಗೆ ಬೀಳದಂತೆ. ಬ್ಯಾಟರಿ ತೆಗೆದರೆ ಕುರುಡನಿಗೂ ಕಾಣುತ್ತದೆ. ಪೆಟ್ರೋಲ್ ಖಾಲಿ ಮಾಡಿದರೆ ಅವನು ಡಬ್ಬಿ ಹಿಡಿದು ಬಂಕಿಗೆ ಓಡುತ್ತಾನೆ. ನೋಡಿದರೆ ಎಲ್ಲ ಸರಿ, ಹಚ್ಚಿದರೆ ಬರೀ ಕೆಮ್ಮು, ಹಾಗಿರಬೇಕು.

ಭಾನುವಾರ ಬೆಳಿಗ್ಗೆ ಸುವರ್ಣಮ್ಮ ಕರಿಬೇವು ತರಲು ಹೊರಟದ್ದೇ ತಡ, ಹಂಪಯ್ಯನವರು ಬಾನೆಟ್ಟು ಎತ್ತಿ ಮುಂದಿನ ಎರಡು ಪ್ಲಗ್ಗಿನ ವೈರುಗಳನ್ನು ಕಿತ್ತು ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಸಿಕ್ಕಿಸಿದರು. ಬಾನೆಟ್ಟನ್ನು ತೊಟ್ಟಿಲ ಮಗು ಮಲಗಿಸಿದಷ್ಟು ಮೆತ್ತಗೆ ಮುಚ್ಚಿ, ಒಳಗೆ ಬಂದು ಪೇಪರು ಹಿಡಿದು ಕೂತರು. ಪೇಪರು ತಲೆಕೆಳಗಾಗಿತ್ತು.

ಸುವರ್ಣಮ್ಮ ಬಂದು ಒಗ್ಗಾಣಿಗೆ ಮಂಡಕ್ಕಿ ನೆನೆಹಾಕಿ, ಈರುಳ್ಳಿ ಹೆಚ್ಚಿ, ಅರಿಶಿನದ ಡಬ್ಬಿ ತೆಗೆದರು. ನಡುವೆ ಗಂಡನಿಗೆ ಸ್ನಾನಕ್ಕೆ ಹೋಗಲು ಹೇಳಿದರು. "ಚೊಲೋತ್ನಾಗಿ ಜಳಕಾ ಮಾಡ್ರಿ. ಅವಸರ ಏನೈತಿ?" ಮದುವೆಯಾದಾಗಿನಿಂದ ಬಚ್ಚಲ ಬಾಗಿಲು ಬಡಿದು ಅವಸರಪಡಿಸಿದ ಹೆಂಗಸು ಹೀಗಂದಾಗ ಹಂಪಯ್ಯನವರು ಅನುಮಾನಪಡಬೇಕಾಗಿತ್ತು. ತನ್ನ ಗುಟ್ಟಿನ ಗುಂಗಿನಲ್ಲಿದ್ದರು, ಪಡಲಿಲ್ಲ.

ತರುಣ ಬಂದ. ಒಗ್ಗಾಣಿ ತಿಂದ, ಮಿರ್ಚಿ ತಿಂದ, ಕಣ್ಣೊರೆಸಿಕೊಂಡ. ಹಂಪಯ್ಯನವರು ಕರ್ಣನ ಔದಾರ್ಯದಿಂದ ಕೀಲಿ ಕೈಗಿತ್ತು, "ನೀವಾ ಹಚ್ಚಿ ನೋಡ್ರಿ," ಎಂದು ಚಹಾದ ಕಪ್ಪು ಬಸಿ ಹಿಡಿದು ಮೆಟ್ಟಿಲ ಮೇಲೆ ನಿಂತರು.

ತರುಣ ಸೆಲ್ಫ್ ಎಳೆದ. ಮಾರಿಸ್ ಕೆಮ್ಮಲಿಲ್ಲ, ಸೀನಲಿಲ್ಲ. ಮೊದಲ ಎಳೆತಕ್ಕೇ ಶುರುವಾಗಿ ತಂಬೂರಿ ಶ್ರುತಿಯಂತೆ ಗುಂಯ್ಗುಡುತ್ತ ನಿಂತಿತು. ಖರೀದಿಸಿದ ದಿನದಿಂದ ಅದು ಒಮ್ಮೆಯೂ ಇಷ್ಟು ಸುಲಭವಾಗಿ ಹೊರಟದ್ದಿಲ್ಲ.

ಹಂಪಯ್ಯನವರು ಚಹಾವನ್ನು ಬಸಿಗೆ ಬದಲು ಪಂಚೆಯ ಮೇಲೆ ಸುರಿದುಕೊಂಡರು. ಬಾಗಿಲಲ್ಲಿ ಸುವರ್ಣಮ್ಮ ಬಾಯಿ ತೆರೆದು ನಿಂತಿದ್ದರು. ಸಂತೋಷಕ್ಕೆ ಇರಬೇಕೆಂದು ಹಂಪಯ್ಯನವರು ಅಂದುಕೊಂಡರು, ಅವರಿಗೆ ತುಸು ಸಿಟ್ಟೂ ಬಂತು. ಆದರೆ ವಿಚಿತ್ರವೆಂದರೆ ತರುಣನ ಮುಖವೂ ಇಳಿದಿತ್ತು.

"ಇದನ್ನ ನೀವೇ ರಿಪೇರಿ ಮಾಡಿಬಿಟ್ರಾ ಅಂಕಲ್?" ಅಂದ, ಯಾರೋ ಅವನ ತಟ್ಟೆಯ ಮಿರ್ಚಿ ಕಿತ್ತುಕೊಂಡಂತೆ. "ವಾರವೆಲ್ಲಾ ಯಾವುದೋ ದೇಶದವರ ಪ್ರೋಗ್ರಾಂ ಸರಿಮಾಡ್ತೀನಿ. ಕೈಗೆ ಸಿಗಲ್ಲ, ಮುಟ್ಟೋಕಾಗಲ್ಲ. ಭಾನುವಾರವಾದರೂ ಕೈ ಮಸಿ ಮಾಡ್ಕೊಂಡು ಏನಾದ್ರೂ ಬಿಚ್ಚೋಣ ಅಂತ ಬಂದೆ. ಕೆಟ್ಟಿದೆ ಅಂತಾನೇ ಇಷ್ಟಪಟ್ಟಿದ್ದೆ. ಇದರಲ್ಲಿ ನನಗೇನು ಕೆಲಸ ಉಳಿದಿದೆ?"

ಬೇಡ ಎಂದ. ಹಂಪಯ್ಯನವರು ಅಲ್ಲಿಯೇ ಕೈಮುಗಿದು ಸುಮ್ಮನಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ತಮ್ಮ ಗಾಡಿಯನ್ನು ಒಬ್ಬ ಹುಡುಗ ಬೇಡ ಎನ್ನುವುದೆಂದರೇನು? ಅವರ ಸ್ವಾಭಿಮಾನ ಕೆರಳಿತು. ಕೆಲಸ ಇಲ್ಲವೆಂದು ಯಾರು ಹೇಳಿದವರು, ಪಂಪು ಯಾವಾಗ ಬೇಕಾದರೂ ಕೈಕೊಡುತ್ತದೆ, ವೈಪರು ಒಂದೇ ತಿರುಗುತ್ತದೆ, ಎಡಗಡೆ ಇಂಡಿಕೇಟರು ಹಾಕಿದರೆ ಬಲಗಡೆ ದೀಪ ಹತ್ತುತ್ತದೆ, ಎಂದು ಅದರ ಅವಗುಣಗಳನ್ನು ಮಗಳ ಗುಣ ವರ್ಣಿಸಿದಂತೆ ವರ್ಣಿಸತೊಡಗಿದರು. ತರುಣನ ಕಣ್ಣು ಮತ್ತೆ ಹೊಳೆಯಿತು. ಕೈ ಚೆಕ್ಕುಬುಕ್ಕಿದ್ದ ಜೇಬಿನತ್ತ ಹೋಯಿತು.

ಆಗ ಸುವರ್ಣಮ್ಮ ನಡುವೆ ಬಂದರು. "ಅದೆಲ್ಲಾ ಹಳೇ ಮಾತಪ್ಪಾ. ಈಗ ಭಾಳ ಗಟ್ಟಿ ಐತಿ. ಹತ್ತು ವರ್ಷ ಪಾನಾ ಮುಟ್ಟಾಕ ಕೆಲಸಿಲ್ಲ," ಎಂದು ಹುಡುಗನ ಕೈಗೆ ಬಾಳೆಹಣ್ಣು ಕೊಟ್ಟು ಗೇಟಿನವರೆಗೆ ಬಿಟ್ಟುಬಂದರು.

ಕಾರು ಉಳಿಯಿತು. ಆದರೆ ಹಂಪಯ್ಯನವರಿಗೆ ನೆಮ್ಮದಿ ಇಲ್ಲ. ಹೊರಡಬಾರದ ಗಾಡಿ ಹೊರಟಿದ್ದು ಹೇಗೆ? ಬಾನೆಟ್ಟು ಎತ್ತಿದರು. ವೈರುಗಳು ಎರಡೂ ಅವುಗಳ ಸರಿಯಾದ ಜಾಗದಲ್ಲಿದ್ದವು. ಬಗ್ಗಿ ನೋಡಿದರೆ ಎರಡೂ ವೈರಿನ ತುದಿಗೆ ಹಳದಿ ಬೆರಳಚ್ಚು. ಮೂಸಿ ನೋಡಿದರು. ಒಗ್ಗಾಣಿಯ ಅರಿಶಿನ.

"ಸುವರ್ಣಾ," ಎಂದು ಕೂಗಿದರು.

ಆಕೆ ಬಂದರು, ವೈರು ನೋಡಿದರು, ತಲೆ ತಗ್ಗಿಸಲಿಲ್ಲ. "ಹೌದ್ರಿ, ನಾನಾ ಅದಲುಬದಲು ಮಾಡೀನಿ. ನೀವು ಜಳಕಕ್ಕ ಹೋದಾಗ. ಗಾಡಿ ಹೋದ್ರ ನೀವು ದಿನಾ ನನ್ನ ಅಡಗಿಮನಿ ಬಿಚ್ಚತೀರಿ." ದನಿ ಇಳಿಸಿ ಹೇಳಿದರು. "ಮತ್ತ ನೀವು ನನ್ನ ಜೋಡಿ ಬಾಯಿಬಿಟ್ಟು ಮಾತಾಡೋದು ನಾ ಟಾರ್ಚ್ ಹಿಡಿದಾಗ ಅಷ್ಟಾ. ಅದೂ ಹೋದ್ರ ನಾ ಯಾರ ಜೋಡಿ ಮಾತಾಡ್ಲಿ?"

ಹೆಂಡತಿಯ ಮೇಲೆ ಅಷ್ಟು ಪ್ರೀತಿ ಹಂಪಯ್ಯನವರಿಗೆ ಎಷ್ಟೋ ವರ್ಷದಿಂದ ಒಮ್ಮೆಲೇ ಬಂದಿರಲಿಲ್ಲ. ಏನಾದರೂ ಹೇಳಬೇಕು ಎನ್ನುವಷ್ಟರಲ್ಲಿ ಆಕೆಯೇ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದುವರಿಸಿದರು. "ಆದ್ರ ಒಂದ್ ತಿಳೀತು. ಇಷ್ಟ್ ವರ್ಷ ನೀವು ಹೇಳಿದ್ದೆಲ್ಲಾ ಸುಳ್ಳು. ವೈರು ಬದಲಿಸಿದ್ರ ಗಾಡಿ ಹೊರಡಂಗಿಲ್ಲ ಅಂದ್ರಿ. ಬದಲಿಸಿದ ಮ್ಯಾಲೇ ಅದು ಚಲೋ ಹೊಂಟ್ತು. ನಿಮಗ ಏನೂ ಗೊತ್ತಿಲ್ಲ."

ಇಲ್ಲಿ ಹಂಪಯ್ಯನವರು ಪೇಚಿಗೆ ಸಿಕ್ಕಿದರು. ಬಾಯಿ ಮುಚ್ಚಿಕೊಂಡರೆ ಮಾತು ಉಳಿಸಿಕೊಂಡ ಸತ್ಯವಂತ, ಆದರೆ ಏನೂ ಗೊತ್ತಿಲ್ಲದವನು. ಬಾಯಿ ಬಿಟ್ಟರೆ ವಿದ್ಯೆ ಉಳಿಯುತ್ತದೆ, ಗಂಡ ಉಳಿಯುವುದಿಲ್ಲ. ಒಂದು ನಿಮಿಷ ತಡೆದರು. ಅದಕ್ಕಿಂತ ಹೆಚ್ಚು ತಡೆಯಲಾಗಲಿಲ್ಲ.

"ಹೊರಡಂಗಿಲ್ಲ ಅಂದ್ರ ಹೊರಡಂಗಿಲ್ಲ. ನೀ ಕರಿಬೇವಿಗೆ ಹೋದಾಗ ನಾ ಮೊದಲಾ ಬದಲಿಸಿದ್ದೆ. ನೀ ತಿರುಗಿ ಬದಲಿಸಿ ಸರಿ ಮಾಡೀ."

ಸುವರ್ಣಮ್ಮ ಅವರನ್ನೇ ನೋಡಿದರು. ನಗು ಬಂತು, ತಡೆದರೂ ನಿಲ್ಲದೆ ಬಾನೆಟ್ಟು ಹಿಡಿದುಕೊಂಡು ನಕ್ಕರು. ಹಂಪಯ್ಯನವರೂ ನಕ್ಕರು. ನಕ್ಕು ಮುಗಿದ ಮೇಲೆ ಆಕೆ ತೀರ್ಪು ಕೊಟ್ಟರು: ಗಾಡಿ ಮನೆಯಲ್ಲಿರಲಿ, ಆದರೆ ಕೊಟ್ಟ ಮಾತಿಗೆ ತಪ್ಪಿದವರು ಇನ್ನು ಮುಂದೆ ಸ್ಟೇರಿಂಗ್ ಮುಟ್ಟುವಂತಿಲ್ಲ.

ಸೊಂಟನೋವಿನ ಅರ್ಜಿ ತಿರಸ್ಕೃತವಾಯಿತು. ಕಾಲೋನಿಯ ಮೈದಾನದಲ್ಲಿ ಹಂಪಯ್ಯನವರೇ ಡ್ರೈವಿಂಗ್ ಕಲಿಸಿದರು. ಒಂದು ದಿನ ಗಂಡ ಹೆಂಡತಿ ಮಾದಾಪುರಕ್ಕೆ ತಂಗಿಯ ಮನೆಗೆ ಹೊರಟರು. ಅದೇ ಗಾಜಿನ ಕಟ್ಟಡದ ಮುಂದೆ, ಅದೇ ಜಾಗದಲ್ಲಿ ಮಾರಿಸ್ ನಿಂತಿತು. ಹಂಪಯ್ಯನವರು ಇಳಿದು, ಪಂಚೆ ಎತ್ತಿ ಕಟ್ಟಿ, ಹಿಂದಿನಿಂದ ಹೆಗಲು ಕೊಟ್ಟರು. ಗಾಜಿನಲ್ಲಿ ಬೆವರುತ್ತಿದ್ದ ಮುದುಕನೊಬ್ಬ ಕಂಡ. ಯಾರೋ ಪಾಪ ಎಂದುಕೊಂಡು, ಆಮೇಲೆ ಗುರುತು ಹಿಡಿದರು.

ಚಹಾದ ಬಂಡಿಯಿಂದ ತರುಣ ಓಡಿಬಂದ. ಅವನ ಮುಖದಲ್ಲಿ ಹಬ್ಬದ ಕಳೆ. "ಕೆಟ್ಟಿದೆಯಾ ಅಂಕಲ್? ಈಗ ಮಾರ್ತೀರಾ?"

ಹಂಪಯ್ಯನವರು ಉತ್ತರ ಕೊಡಲು ಉಸಿರು ಹುಡುಕುತ್ತಿದ್ದರು. ಅಷ್ಟರಲ್ಲಿ ಡ್ರೈವರ್ ಸೀಟಿನಿಂದ ಸುವರ್ಣಮ್ಮ ತಲೆ ಹೊರಹಾಕಿದರು.

"ಮಾತು ಆಮ್ಯಾಲೆ ಆಡ್ರಿ. ಇಬ್ಬರೂ ಇನ್ನಾ ಸ್ವಲ್ಪ ಜೋರ್ ನೂಕ್ರಿ, ಹೊಂಟೈತಿ."