ಮುಖ ನೋಡಿ ಹಾಜರಿ ಹಾಕುವ ಯಂತ್ರಕ್ಕೆ ಮುಡಿ ಕೊಟ್ಟವನ ಮನವಿ

ಗನ್ನವರಂ ರಸ್ತೆಯ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಗೇಟಿನ ಎಡಗೋಡೆಯಲ್ಲಿ, ಆಯುಧಪೂಜೆಯ ಕುಂಕುಮವನ್ನು ಇನ್ನೂ ಹಣೆಯಲ್ಲಿಟ್ಟುಕೊಂಡು ಬೆಳಗುತ್ತಿರುವ, ಹಾಜರಿ ಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಮೊದಲ ವರ್ಷದ ವಿದ್ಯಾರ್ಥಿ ಆದರ್ಶ್ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ, ಏಕೆಂದರೆ ಕರೆಂಟ್ ಹೋದಾಗ ತಮಗೆ ಬ್ಯಾಟರಿ ಇದೆ, ನಮ್ಮ ಹಾಸ್ಟೆಲ್ ಫ್ಯಾನಿಗೆ ಇಲ್ಲ. ಈ ಬಹಿರಂಗ ಪತ್ರವನ್ನು ನೋಟಿಸ್ ಬೋರ್ಡಿಗೆ ಅಂಟಿಸುವಷ್ಟು ಧೈರ್ಯ ನನಗೆ ಹೇಗೆ ಬಂತೆಂದರೆ, ತೆಲುಗು ನಾಡಿನ ಈ ಕಾಲೇಜಿನಲ್ಲಿ ಕನ್ನಡ ಓದಬಲ್ಲವರು ಯಾರೂ ಇಲ್ಲ. ತಮಗೆ ಎಪ್ಪತ್ತೆರಡು ಭಾಷೆ ಬರುತ್ತದೆಂದು ತಮ್ಮ ಡಬ್ಬದ ಮೇಲೆ ಬರೆದಿತ್ತು.

ವಿಷಯ ನನ್ನ ತಲೆಯದು. ಇದೇ ಊರಿನ ಗವರ್ನರ್‌ಪೇಟೆಯ ಬ್ಯಾಂಕಿನಲ್ಲಿದ್ದ ಅಪ್ಪನಿಗೆ ದಾವಣಗೆರೆಗೆ ವರ್ಗವಾಯಿತು, ನನಗೆ ಇಲ್ಲಿ ಸೀಟು ಸಿಕ್ಕಿ ಹಾಸ್ಟೆಲ್ ಆಯಿತು. ಸೀಟು ಸಿಕ್ಕರೆ ಮುಡಿ ಕೊಡುವುದಾಗಿ ಅಮ್ಮ ತಿರುಪತಿಗೆ ಹರಕೆ ಹೊತ್ತಿದ್ದಳು. ಹೊತ್ತವಳು ಅವಳು, ಕೂದಲು ನನ್ನದು. ಈ ವ್ಯವಸ್ಥೆಯಲ್ಲಿ ನನ್ನ ಸಹಿ ಯಾರೂ ಕೇಳಲಿಲ್ಲ. ದಸರಾ ರಜೆಯಲ್ಲಿ ಹರಕೆ ತೀರಿಸಿ, ನುಣ್ಣಗಿನ ತಲೆಯೊಂದಿಗೆ ತಮ್ಮೆದುರು ನಿಂತೆ. ತಾವು ಒಂದು ಕ್ಷಣ ಯೋಚಿಸಿ, ಇಂಪಾದ ಹೆಣ್ಣುದನಿಯಲ್ಲಿ, "ಸಾಯಿಕಿರಣ್, ಪ್ರೆಸೆಂಟ್, ಥ್ಯಾಂಕ್ಯೂ" ಎಂದಿರಿ.

ಸಾಯಿಕಿರಣ್ ನನ್ನ ರೂಮ್‌ಮೇಟ್, ವಿಶಾಖಪಟ್ಟಣದವನು. ಅವನು ತಿರುಪತಿಯಿಂದ ನೇರವಾಗಿ ಅಡ್ಮಿಷನ್ನಿಗೆ ಬಂದವನಾದ್ದರಿಂದ ತಾವು ಮೊದಲ ದಿನ ಅವನ ಬೋಳುತಲೆಯನ್ನೇ ಮನಸ್ಸಿನಲ್ಲಿಟ್ಟುಕೊಂಡಿರಿ. ದಸರಾ ಹೊತ್ತಿಗೆ ಅವನಿಗೆ ಕೂದಲು ಬಂದು ತಾವು ಅವನನ್ನು ಮರೆತಿರಿ, ಅವನೂ ಬೇಸತ್ತು ಊರಿಗೆ ಹೋದ. ತಮ್ಮ ನಿಷ್ಠೆಯನ್ನು ಮೆಚ್ಚಲೇಬೇಕು: ಮನುಷ್ಯ ಬದಲಾದರೂ ಪರವಾಗಿಲ್ಲ, ತಲೆ ಬದಲಾಗಬಾರದು.

ಅಂದಿನಿಂದ ನಾನು ದಿನಾ ಬೆಳಿಗ್ಗೆ ಓಡೋಡಿ ಬಂದು ಅವನ ಹಾಜರಿ ಹಾಕಿಸುತ್ತಿದ್ದೇನೆ. ತನ್ನೂರಿನ ಆರ್.ಕೆ. ಬೀಚಿನಲ್ಲಿ ಮಂಡಕ್ಕಿ ಮೆಲ್ಲುತ್ತಿರುವ ಅವನಿಗೆ ಈಗ ಶೇಕಡಾ ತೊಂಬತ್ತಾರು, ಮೊದಲ ಬೆಂಚಿನಲ್ಲಿ ಕೂತ ನನಗೆ ಅರವತ್ನಾಲ್ಕು. ಎಪ್ಪತ್ತೈದಕ್ಕಿಂತ ಕಡಿಮೆಯಿದ್ದವರನ್ನು ಪರೀಕ್ಷೆಗೆ ಕೂರಿಸದ ಪಟ್ಟಿ ಸೋಮವಾರ ಬರುತ್ತದೆ. ಅದರಲ್ಲಿ ನನ್ನ ಹೆಸರಿದ್ದರೆ ಒಂದು ವರ್ಷವೇ ಹೋಯಿತು. ನಿನ್ನೆ ಅವನು ಫೋನ್ ಮಾಡಿ, "ಮಾವಾ, ಜ್ವರ ಗಿರ ಬರಿಸ್ಕೋಬೇಡ, ನನ್ನ ಅಟೆಂಡೆನ್ಸ್ ಹೋಗುತ್ತೆ" ಎಂದು ನನ್ನ ಆರೋಗ್ಯ ವಿಚಾರಿಸಿದ (ಇಲ್ಲಿ ಗೆಳೆಯರೆಲ್ಲ ಒಬ್ಬರಿಗೊಬ್ಬರು ಮಾವಂದಿರೇ).

ಬೆಳಿಗ್ಗೆ ಒಂಬತ್ತೂ ಐದಕ್ಕೆ ತಾವು ನಮ್ಮಪ್ಪನ ಮೊಬೈಲಿಗೆ "ನಿಮ್ಮ ಮಗ ಗೈರು" ಎಂದು ಕಳಿಸುವ ಸಂದೇಶ ಒಂದು ದಿನವೂ ತಡವಾಗಿಲ್ಲ. ಕೂಡಲೇ ಅಪ್ಪನ ಫೋನು: "ಎಲ್ಲಿದೀಯೋ?" "ಕ್ಲಾಸಲ್ಲಿದೀನಪ್ಪಾ." "ಸಿಸ್ಟಮ್ಮು ಸುಳ್ಳು ಹೇಳುತ್ತೇನೋ?" ಹದಿನೆಂಟು ವರ್ಷ ನನ್ನ ಮುಖ ನೋಡಿದವರು ಅವರು, ತಾವು ನೋಡಿದ್ದು ನಾಲ್ಕು ತಿಂಗಳು. ಆದರೂ ಅವರು ನಂಬಿದ್ದು ತಮ್ಮನ್ನು. ಇದೊಂದು ಮಾತನ್ನು ನಾನು ತಮಾಷೆಗೆ ಬರೆಯುತ್ತಿಲ್ಲ. ಅಮ್ಮ ಮಾತ್ರ ನನ್ನನ್ನೇ ನಂಬಿ, ಹಾಜರಿ ಸರಿಹೋದರೆ ಇನ್ನೊಂದು ಸಲ ಮುಡಿ ಕೊಡಿಸುತ್ತೇನೆಂದು ಹೊರಟಿದ್ದಳು, ಕೈಮುಗಿದು ನಿಲ್ಲಿಸಿದೆ.

ನಮ್ಮ ವಿಭಾಗದ ಮುಖ್ಯಸ್ಥರಾದ ಕಾಮೇಶ್ವರ ಸರ್ ಬಳಿಗೂ ಹೋದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, ಬಹಳ ಪ್ರೀತಿಯಿಂದ, "ಸಿಸ್ಟಮ್‌ನಲ್ಲಿ ನೀನಿಲ್ಲ ಬಾಬು" ಎಂದರು. ಇಲ್ಲದವನ ಹೆಗಲು ಅವರಿಗೆ ಹೇಗೆ ಸಿಕ್ಕಿತೋ ತಾವೇ ಹೇಳಬೇಕು. ಕೊನೆಗೆ, ಆ ಸಾಯಿಕಿರಣನೇ ಬಂದು ನಿನ್ನ ಪಕ್ಕದಲ್ಲಿ ನಿಂತರೆ ನಿನ್ನ ದಿನಗಳನ್ನು ನಿನಗೆ ಬರೆದುಕೊಡುತ್ತೇನೆ ಎಂದರು. ಕೂತಲ್ಲೇ ತೊಂಬತ್ತಾರು ಬರುವವನು ಯಾಕೆ ಬರುತ್ತಾನೆ?

ಆದ್ದರಿಂದ ತಮ್ಮಲ್ಲಿ ವಿನಂತಿ: ಒಂದೋ ನನ್ನ ಕೂದಲು ಕಿವಿ ಮುಟ್ಟುವವರೆಗೆ ಸೆಮಿಸ್ಟರನ್ನು ಮುಂದೂಡಿಸಿ; ಇಲ್ಲವೇ ಕಾಲೇಜಿನ ಎಲ್ಲರಿಗೂ, ಪ್ರಿನ್ಸಿಪಾಲರಿಂದ ಹಿಡಿದು, ಮುಡಿ ಕಡ್ಡಾಯ ಮಾಡಿಸಿ, ಎಲ್ಲರೂ ಸಾಯಿಕಿರಣರಾಗಿ ಸುಖವಾಗಿರೋಣ. ಎರಡೂ ಆಗದಿದ್ದರೆ ಬೇಸರವಿಲ್ಲ, ನಾನೇ ಒಂದು ದಾರಿ ಹುಡುಕಿಕೊಂಡಿದ್ದೇನೆ.

ತಾವು ಗುರುತಿಸದಿದ್ದರೂ ದಿನವೂ ತಮ್ಮೆದುರು ನಿಂತ,
ತಮ್ಮ ವಿಶ್ವಾಸಿ,
ಆದರ್ಶ್ ಓಂಕಾರಪ್ಪ
(ತಮ್ಮ ಲೆಕ್ಕದಲ್ಲಿ ಸಾಯಿಕಿರಣ್)

ತಾ.ಕ.: ನಾಳೆಯಿಂದ ನಾನು ಹಿಂದಿನ ಗೇಟಿನಿಂದ ಕ್ಲಾಸಿಗೆ ಹೋಗುತ್ತೇನೆ, ತಮ್ಮ ದರ್ಶನಕ್ಕೆ ಬರುವುದಿಲ್ಲ. ಹಾಗಾಗಿ ಒಂಬತ್ತೂ ಐದಕ್ಕೆ ಸಾಯಿಕಿರಣನ ತಂದೆಗೆ "ನಿಮ್ಮ ಮಗ ಗೈರು" ಎಂದು ಕಳಿಸಲು ಮರೆಯಬೇಡಿ. ಕಾಲೇಜು ರಜೆ ಕೊಟ್ಟಿದೆ, ಮಗ ಪರೀಕ್ಷೆಗೆ ಓದಲು ಮನೆಗೆ ಬಂದಿದ್ದಾನೆ ಎಂದು ನಂಬಿರುವ ಅವರು ಪೊಲೀಸ್ ಸಬ್ ಇನ್ಸ್‌ಪೆಕ್ಟರು. ವಿಶಾಖಪಟ್ಟಣದಿಂದ ಇಲ್ಲಿಗೆ ಮಧ್ಯಾಹ್ನದ ರೈಲಿದೆ; ಸೋಮವಾರದೊಳಗೆ ಅವನನ್ನು ಕಿವಿ ಹಿಡಿದು ಕರೆತಂದು ನನ್ನ ಪಕ್ಕ ನಿಲ್ಲಿಸುವಷ್ಟು ಸಮಯ ಅವರಿಗೆ ಧಾರಾಳವಾಗಿ ಸಾಕು.