ಸೋರದ ಚೀಲದ ಸಾರು

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಮಾತು ಗಡಿಯಾರ ರಿಪೇರಿಯವನಿಗೆ ಗೊತ್ತಿರಲಿಲ್ಲ ಅಂತಲ್ಲ. ಚೆನ್ನಾಗಿಯೇ ಗೊತ್ತಿತ್ತು. ಆದರೆ ಹೊಟ್ಟೆ ತುಂಬಿದ ಮೇಲೆ ಅವನ ಬಾಯಿ ಅವನ ಮಾತನ್ನೇ ಕೇಳುತ್ತಿರಲಿಲ್ಲ.

ಅವನ ಮನೆಯ ಚೀಲದ ಸಾರು ಗೆಳೆಯರ ನಡುವೆ ಪ್ರಸಿದ್ಧ. ಕಣಕವನ್ನು ಕಾಗದದಷ್ಟು ತೆಳ್ಳಗೆ ಲಟ್ಟಿಸಬೇಕು, ತರಕಾರಿಯ ಹೂರಣ ತುಂಬಬೇಕು, ಅಂಚು ಮಡಿಚಿ ಪುಟ್ಟ ಚೀಲ ಮಾಡಿ ಕುದಿಯುವ ಸಾರಿಗೆ ಬಿಡಬೇಕು. ತಿಂಗಳಿಗೊಂದು ಭಾನುವಾರ ಹೆಂಡತಿ ಇಡೀ ದಿನ ನಿಂತು ಅದನ್ನು ಮಾಡುತ್ತಿದ್ದಳು. ಸಂಜೆ ಟೈಲರೂ ಪಂಕ್ಚರ್ ಅಂಗಡಿಯವನೂ ಬಂದು, ಗಂಡನ ಜೊತೆ ಕೂತು, ನೋಡನೋಡುತ್ತಲೇ ಪಾತ್ರೆಯ ತಳ ಕಾಣಿಸುತ್ತಿದ್ದರು. ಅಂಥದೇ ಒಂದು ಊಟದ ಕೊನೆಗೆ ಗಂಡ ಬೆರಳು ನೆಕ್ಕುತ್ತ, "ನಿಜ ಹೇಳಬೇಕಂದ್ರೆ ಇದರಲ್ಲಿ ಕಷ್ಟ ಏನಿದೆ? ಕೈ ಸೂಕ್ಷ್ಮ ಇದ್ರೆ ಆಯ್ತು" ಎಂದುಬಿಟ್ಟ.

ಹೆಂಡತಿ ಸೌಟು ಕೆಳಗಿಟ್ಟಳು.

"ಹಾಗಾದ್ರೆ ಮುಂದಿನ ಸಲ ನೀವೇ ಮಾಡಿ. ನಾನು ಹೊರಗೆ ಹೋಗಿ ಊಟದ ಹೊತ್ತಿಗೆ ಬರ್ತೀನಿ. ನೀವು ಗೆದ್ರೆ ಈ ಅಡುಗೆ ಇನ್ಮೇಲೆ ನಿಮ್ಮದೇ, ನಾನು ಲಟ್ಟಣಿಗೆ ಮುಟ್ಟಲ್ಲ. ಸೋತ್ರೆ ನಾನು ಹೇಳಿದ ಹಾಗೆ ಕೇಳಬೇಕು."

"ಎಳ್ಳುಕಾಳಿನಷ್ಟು ಸ್ಕ್ರೂ ಕೂರಿಸೋ ಕೈ ಕಣೇ ಇದು" ಎಂದು ಅವನು ಎದೆಯುಬ್ಬಿಸಿದ. ಗೆಳೆಯರೂ ತೋಳೇರಿಸಿದರು. ಗೆದ್ದರೆ ಏನು ಗತಿ ಎಂದು ಮೂವರಲ್ಲಿ ಒಬ್ಬನೂ ಯೋಚಿಸಲಿಲ್ಲ.

ಭಾನುವಾರ ಬಂತು. ಗಡಿಯಾರದವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಈರುಳ್ಳಿ ಹೆಚ್ಚಲು ಕೂತ. ಒಂದೇ ಈರುಳ್ಳಿಗೆ ಬೆಳಗು ಕಳೆಯಿತು. ಭೂತಗನ್ನಡಿಯೊಳಗೆ ಕಣ್ಣೀರು ತುಂಬಿ ಜಗತ್ತೆಲ್ಲ ತೇಲತೊಡಗಿತು. ಟೈಲರು ಟೇಪು ಹಿಡಿದು ಕಣಕ ಅಳೆದು ಕತ್ತರಿಸಿದ. ಬಟ್ಟೆಗೆ ಬಿಡುವ ಹಾಗೆ ಎಲ್ಲ ಕಡೆ ಅರ್ಧ ಇಂಚು ಜಾಸ್ತಿಯೇ ಬಿಟ್ಟ.

"ಅದ್ಯಾಕೋ ಅಷ್ಟು?"

"ಬೇಯುವಾಗ ಕುಗ್ಗುತ್ತೋ ಏನೋ. ಆಮೇಲೆ ಬಿಚ್ಚಿ ಹೊಲಿಯೋಕಾಗುತ್ತಾ?"

ಹಾಗೂ ಹೀಗೂ ಸಂಜೆಯ ಹೊತ್ತಿಗೆ ಚೀಲಗಳು ಸಾಲಾಗಿ ನಿಂತವು. ನಿಜಕ್ಕೂ ಚೆಂದವಾಗಿದ್ದವು. ಆಗ ಪಂಕ್ಚರ್ ಅಂಗಡಿಯವನಿಗೆ ತನ್ನ ಪಾಲಿನ ಕೆಲಸ ನೆನಪಾಯಿತು.

"ಸೋರುತ್ತಾ ಇಲ್ವಾ ಅಂತ ನೋಡದೇ ಕುದಿಯೋಕೆ ಹಾಕ್ತೀರಾ? ಒಂದು ಸೋರಿದ್ರೂ ಸಾರೆಲ್ಲ ಹಾಳು" ಎಂದವನೇ ಬಟ್ಟೆ ನೆನೆಸುವ ಟಬ್ಬು ತೊಳೆದು ತಂದು, ತಣ್ಣೀರು ತುಂಬಿ, ಟ್ಯೂಬು ಅದ್ದುವ ಹಾಗೆ ಒಂದು ಚೀಲ ಅದ್ದಿದ. ಗುಳುಗುಳು ಎಂದು ಗುಳ್ಳೆ ಬಂತು.

"ನೋಡಿದ್ರಾ?"

ಉಳಿದಿಬ್ಬರೂ ಬೆರಗಾದರು. ಅನುಭವ ಅಂದರೆ ಇದು. ತೂತಿಗೆ ಹಿಟ್ಟಿನ ತೇಪೆ ಹಚ್ಚಿ ಮತ್ತೆ ಅದ್ದಿದರು. ಒಂದೊಂದನ್ನೇ ನೋಡುತ್ತ ಕೂತರೆ ಹೊತ್ತಾಗುತ್ತದೆಂದು ಎಲ್ಲವನ್ನೂ ಒಟ್ಟಿಗೇ ಟಬ್ಬಿಗೆ ಬಿಟ್ಟು, ಗೆದ್ದ ಖುಷಿಯಲ್ಲಿ ಚಹಾ ಕುಡಿಯುತ್ತ ಹರಟೆಗೆ ಕೂತರು.

ಚಹಾ ಮುಗಿಸಿ ಬಂದು ನೋಡಿದರೆ ಟಬ್ಬಿನಲ್ಲಿ ಚೀಲಗಳಿಲ್ಲ. ಚೀಲ ಇತ್ತು, ಒಂದೇ. ದಿಂಬಿನಷ್ಟು ದೊಡ್ಡದು. ಬಿಡಿಸಲು ಹೋದ ಟೈಲರನ ಎರಡೂ ಕೈ ಅದಕ್ಕೆ ಅಂಟಿಕೊಂಡವು.

"ಈಗ ಸೋರಲ್ಲ ಬಿಡು" ಎಂದ ಗಡಿಯಾರದವನು, ಅಳುವುದೋ ನಗುವುದೋ ತಿಳಿಯದೆ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ದಾರಿ ಕಾಣದೆ ಟಬ್ಬಿನಲ್ಲಿದ್ದದ್ದನ್ನೆಲ್ಲ ಕುದಿಯುವ ಸಾರಿಗೆ ಸುರಿದು, ಮೂವರೂ ಸರದಿಯ ಮೇಲೆ ಕಡೆದರು.

ಹೆಂಡತಿ ಕೈಕಾಲು ತೊಳೆದು ಬಂದು ಕೂತಳು. ಗಂಡ ಗಂಜಿಯಂತಿದ್ದ ಅದನ್ನು ತಟ್ಟೆಗೆ ಬಡಿಸಿದ. ಅವಳು ಒಂದು ತುತ್ತು ತಿಂದಳು, ಇನ್ನೊಂದು ತಿಂದಳು. ತಟ್ಟೆ ಮುಗಿಸಿ, "ಇನ್ನೊಂದು ಸೌಟು ಹಾಕಿ" ಎಂದಳು.

ಟೈಲರನ ಮುಖ ಬಿಳುಚಿತು. "ಲೋ, ಗೆದ್ದುಬಿಟ್ವೇನೋ? ಇನ್ಮೇಲೆ ಅತ್ತಿಗೆ ಮಾಡಲ್ವಲ್ಲೋ" ಎಂದು ಪಿಸುಗುಟ್ಟಿದ.

ಪಂಕ್ಚರ್ ಅಂಗಡಿಯವನು ಕೈ ಮುಗಿದ. "ಅತ್ತಿಗೆ, ಚೆನ್ನಾಗಿಲ್ಲ ಅಂತ ಒಂದು ಮಾತು ಹೇಳಿಬಿಡಿ. ನಮಗೇನೂ ಬೇಜಾರಿಲ್ಲ."

"ಚೆನ್ನಾಗಿದೆ ಅಂದೋರು ಯಾರು? ಗೋಡೆಗೆ ಪೋಸ್ಟರ್ ಅಂಟಿಸೋಕೆ ಸರಿಹೋಗುತ್ತೆ" ಎಂದಳು ಅವಳು. "ಆದ್ರೆ ಬಿಸಿಯಾಗಿದೆ. ಇಷ್ಟು ವರ್ಷ ನಿಮಗೆಲ್ಲ ಬಡಿಸಿ ನಾನು ಕೂರೋ ಹೊತ್ತಿಗೆ ತಳದಲ್ಲಿ ಆರಿಹೋದ ಎರಡು ಒಡಕು ಚೀಲ ಇರ್ತಿತ್ತು. ಬಿಸಿಬಿಸಿ ತಿಂದಿದ್ದು ಇವತ್ತೇ."

ಗಡಿಯಾರದವನಿಗೆ ನಾಚಿಕೆಯಾಯಿತು. ಅಷ್ಟು ವರ್ಷ ಎದುರಿಗೇ ಕೂತು ಉಂಡವನಿಗೆ ಅದು ಕಂಡಿರಲೇ ಇಲ್ಲ. ತುಟಿ ಬಿಚ್ಚದೆ ಇನ್ನೊಂದು ಸೌಟು ಬಡಿಸಿದ.

"ನೀವು ಸೋತಿದ್ದೀರಿ. ಮುಂದಿನ ತಿಂಗಳಿಂದ ನಾನೇ ಮಾಡ್ತೀನಿ" ಎಂದಳು ಅವಳು. ಮೂವರಿಗೂ ಹೋದ ಜೀವ ಬಂದಂತಾಯಿತು. "ಆದ್ರೆ ಮೊದಲ ಪಂಕ್ತಿ ನಂದು. ನೀವು ಮೂವರೂ ನಿಂತು ಬಡಿಸಿ, ಆಮೇಲೆ ಉಳಿದಿದ್ದು ಊಟ ಮಾಡಿ."

"ಅಷ್ಟೇ ತಾನೇ" ಎಂದು ಮೂವರೂ ಸಂತೋಷದಿಂದ ಒಪ್ಪಿದರು. ಅವಳೊಬ್ಬಳು ಎಷ್ಟು ತಿಂದಾಳು?

ಮುಂದಿನ ತಿಂಗಳು ಅವಳು ತನ್ನ ಇಬ್ಬರು ಅಕ್ಕಂದಿರನ್ನೂ ಊಟಕ್ಕೆ ಕರೆದಳು.